ಹಾವು ‘ಹಾಮ’ ಆಗುವ ದಿನಗಳು

ಒಂದನೆಯ ತರಗತಿಯ ಮಗು ‘ಹಾವು’ ಎಂದು ಬರೆದಿದ್ದನ್ನು ‘ಹಾಮ’ ಎಂದು ಓದಿತು ಅಂದುಕೊಳ್ಳಿ. ಸಾಮಾನ್ಯವಾಗಿ ಮನೆಯವರು ಗೊಳ್ಳೆಂದು ನಗುತ್ತಾರೆ, ಇಲ್ಲವೇ ‘ಸರಿಯಾಗಿ ನೋಡಿ ಓದು’ ಎಂದು ಗದರುತ್ತಾರೆ. ಮಗುವಿನ ಪಕ್ಕದಲ್ಲಿ ಕೂತು, ಅದು ಅಲ್ಲಿ ಏನನ್ನು ಕಂಡಿತು ಎಂದು ನೋಡುವವರು ಕಡಿಮೆ. ನೋಡಿದರೆ ಗೊತ್ತಾಗುತ್ತದೆ, ಮಗು ಸರಿಯಾಗಿ ನೋಡಿಯೇ ಓದಿದೆ. ‘ವು’ ಮತ್ತು ‘ಮ’ ಎರಡರಲ್ಲೂ ವಕಾರದ ಮೈ ಇದೆ, ಎರಡಕ್ಕೂ ಬಲಗಡೆ ಒಂದು ಕೊಂಬಿದೆ. ಒಂದರಲ್ಲಿ ಕೊಂಬು ಸಾಲಿನ ಮೇಲೇ ನಿಂತಿದೆ, ಇನ್ನೊಂದರಲ್ಲಿ ಸ್ವಲ್ಪ ಕೆಳಗಿಳಿದಿದೆ. ಇಷ್ಟು ಸಣ್ಣ ವ್ಯತ್ಯಾಸವನ್ನು ನಾವು ದೊಡ್ಡವರು ಕಣ್ಣಿಟ್ಟು ನೋಡಿ ಎಷ್ಟು ವರ್ಷವಾಯಿತೋ!

ಮಗು ಸರಿಯಾಗಿ ಓದಿದಾಗ ಖುಷಿಪಡುವುದಕ್ಕೆ ಯಾರಿಗೂ ತಯಾರಿ ಬೇಕಿಲ್ಲ. ತಪ್ಪು ಓದಿದಾಗಲೂ ಖುಷಿಪಡಬಹುದು, ಅದಕ್ಕೆ ಸ್ವಲ್ಪ ತಿಳಿವಳಿಕೆ ಬೇಕು. ಈ ವಯಸ್ಸಿನ ತಪ್ಪುಗಳು ಬೇಕಾಬಿಟ್ಟಿಯಾಗಿ ಬರುವುದಿಲ್ಲ. ಒಂದೊಂದು ತಪ್ಪಿನ ಹಿಂದೆಯೂ ಮಗು ಆಗಷ್ಟೇ ಕಂಡುಕೊಂಡ ಒಂದು ನಿಯಮ ಇರುತ್ತದೆ. ಆ ನಿಯಮ ಯಾವುದು ಎಂದು ಹಿಡಿಯಲು ಬಂದರೆ, ಓದು ಕಲಿಯುವ ಆ ಎರಡು ಮೂರು ವರ್ಷ ಮನೆಯಲ್ಲಿ ದಿನವೂ ನೋಡುವಂಥದ್ದು ಏನಾದರೊಂದು ಇರುತ್ತದೆ. ಬೈಗುಳವೂ ತಾನಾಗಿ ಕಡಿಮೆಯಾಗುತ್ತದೆ.

ಕಿವಿಯೇ ಮೊದಲ ಪಾಠಶಾಲೆ

ಓದು ಶುರುವಾಗುವುದು ಕಣ್ಣಿನಿಂದ ಎಂದು ನಾವೆಲ್ಲ ನಂಬಿದ್ದೇವೆ. ಶುರುವಾಗುವುದು ಕಿವಿಯಿಂದ. ‘ಕಮಲ’ ಎಂಬ ಮಾತನ್ನು ಕ, ಮ, ಲ ಎಂದು ಮೂರು ತುಂಡು ಮಾಡಬಹುದು ಎಂಬುದು ಮೂರು ವರ್ಷದ ಮಗುವಿಗೆ ಹೊಳೆದಿರುವುದಿಲ್ಲ. ಅದಕ್ಕೆ ‘ಕಮಲ’ ಎಂದರೆ ಹೂವು, ಇಲ್ಲವೇ ಪಕ್ಕದ ಮನೆಯ ಆಂಟಿ. ಮಾತಿಗೂ ಒಂದು ಮೈಯಿದೆ, ಅದನ್ನು ಮುರಿದು ಜೋಡಿಸಬಹುದು ಎಂದು ತಿಳಿದ ಮೇಲೆ ಅಕ್ಷರ ಕಲಿಯುವುದು ಅರ್ಧ ಸಲೀಸು.

ಇದನ್ನು ಕಲಿಸಲು ಅಂಗಡಿಯ ಸಾಮಾನು ಏನೂ ಬೇಡ. ಮನೆಯಲ್ಲಿ ಇರುವವರ ಹೆಸರುಗಳಿಗೆ ಚಪ್ಪಾಳೆ ತಟ್ಟಿಸಿ. ‘ಸರಳಾ’ ಅಂದರೆ ಮೂರು ಚಪ್ಪಾಳೆ, ‘ಮಾಧವಿ’ ಅಂದರೂ ಮೂರು, ‘ರವಿ’ಗೆ ಎರಡು. ಮಾತಿನ ಕೊನೆಯ ಅಕ್ಷರ ಹಿಡಿದು ಅಂತ್ಯಾಕ್ಷರಿ ಆಡಿಸಿ. ಸ್ವಲ್ಪ ದೊಡ್ಡ ಮಕ್ಕಳಾದರೆ ‘ಕ ಭಾಷೆ’ ಕಲಿಸಿ. ಪ್ರತಿ ಅಕ್ಷರದ ಮುಂದೆ ಒಂದು ‘ಕ’ ಸೇರಿಸಿ ದೊಡ್ಡವರಿಗೆ ತಿಳಿಯದ ಹಾಗೆ ಗುಟ್ಟು ಹೇಳುವ ಆ ಆಟ ಅನೇಕರಿಗೆ ನೆನಪಿರಬಹುದು. ‘ನೀನು ಬಾ’ ಎನ್ನುವುದು ಅಲ್ಲಿ ‘ಕನೀಕನು ಕಬಾ’ ಆಗುತ್ತದೆ. ಓದುವುದಕ್ಕೆ ಬೇಕಾದ ಅಕ್ಷರಪ್ರಜ್ಞೆಗೆ ಇದಕ್ಕಿಂತ ಒಳ್ಳೆಯ ಕಸರತ್ತನ್ನು ಯಾವ ಶಿಕ್ಷಣ ತಜ್ಞರೂ ಕೊಟ್ಟ ಹಾಗೆ ಕಾಣೆ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳು ಇಷ್ಟು ದಶಕ ಕಳೆದರೂ ಸವೆಯದೆ ಉಳಿದಿರುವುದರಲ್ಲಿ ಪ್ರಾಸದ ಪಾಲು ದೊಡ್ಡದು. ಪ್ರಾಸ ಕೇಳಿದ ಕಿವಿಗೆ ಮಾತಿನ ಸಂದುಗಳು ತಾವಾಗಿ ಸಿಗುತ್ತವೆ.

ಇದೇ ವಯಸ್ಸಿನಲ್ಲಿ ಮಗು ಓದಿದಂತೆ ನಟಿಸುತ್ತದೆ. ಹತ್ತಾರು ಸಲ ಕೇಳಿದ ಕಥೆಯ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ನಿಮ್ಮದೇ ಧಾಟಿಯಲ್ಲಿ, ಪುಟ ತಿರುಗಿಸುವ ಜಾಗದಲ್ಲೇ ಪುಟ ತಿರುಗಿಸುತ್ತ ಗಡಗಡ ಹೇಳುತ್ತದೆ. ಪುಸ್ತಕ ತಲೆಕೆಳಗಾಗಿದ್ದರೂ ಇರಬಹುದು. ‘ಅದಕ್ಕೆ ಬಾಯಿಪಾಠ ಆಗಿದೆ ಅಷ್ಟೇ’ ಎಂದು ತಳ್ಳಿಹಾಕಬೇಡಿ. ಪುಸ್ತಕದೊಳಗೆ ಮಾತಿದೆ, ಆ ಮಾತು ಪ್ರತಿ ಸಲವೂ ಅದೇ ಇರುತ್ತದೆ, ಅದು ಎಡದಿಂದ ಬಲಕ್ಕೆ ಹೋಗುತ್ತದೆ ಎಂಬ ದೊಡ್ಡ ಸಂಗತಿಗಳನ್ನು ಮಗು ಆಗಲೇ ಕಲಿತಿದೆ. ನಂದಿನಿ ಹಾಲಿನ ಪ್ಯಾಕೆಟ್ ನೋಡಿ ‘ನಂದಿನಿ’ ಎನ್ನುವುದೂ ಇದೇ ಜಾತಿಯದು. ಅದೇ ಹೆಸರನ್ನು ಬಿಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದು ಕೇಳಿ, ಬಹುತೇಕ ಮಕ್ಕಳು ಸುಮ್ಮನಾಗುತ್ತಾರೆ. ಅವರು ಓದುತ್ತಿದ್ದುದು ಬಣ್ಣ ಮತ್ತು ಆಕಾರವನ್ನು. ಹಾಳೆಯ ಮೇಲಿನ ‘ನಂದಿನಿ’ಯನ್ನೂ ಗುರುತಿಸಿದ ದಿನ ಮಗು ಒಂದು ಮೆಟ್ಟಿಲು ಹತ್ತಿದೆ ಎಂದು ತಿಳಿಯಿರಿ.

ಅ ಆ ಇ ಈ ಬಿಟ್ಟು ರ ಗ ಸ ದ ಯಾಕೆ?

ಸರ್ಕಾರಿ ಶಾಲೆಗೆ ಮಗುವನ್ನು ಕಳಿಸಿದ ಎಷ್ಟೋ ಅಜ್ಜಿ ತಾತಂದಿರ ದೂರು ಇದು: ‘ಅ ಆ ಇ ಈ ಹೇಳಿಕೊಡೋದು ಬಿಟ್ಟು ಅದೇನೋ ರ ಗ ಸ ದ ಅ ಅಂತಾರಪ್ಪ!’ ದೂರು ಸಹಜವೇ. ಅಕ್ಕಿಯ ತಟ್ಟೆಯಲ್ಲಿ ಬೆರಳು ಹಿಡಿದು ಅಕ್ಷರಾಭ್ಯಾಸ ಮಾಡಿಸುವವರು ನಾವು. ವರ್ಣಮಾಲೆ ನಮಗೆ ಬರೀ ಪಟ್ಟಿಯಲ್ಲ. ಗಂಟಲಿನಿಂದ ತುಟಿಯವರೆಗೆ, ಧ್ವನಿ ಹುಟ್ಟುವ ಜಾಗದ ಪ್ರಕಾರ ಅಕ್ಷರಗಳನ್ನು ಸಾಲಾಗಿ ನಿಲ್ಲಿಸಿದ ಆ ಜೋಡಣೆ ವೈಯಾಕರಣರ ಬುದ್ಧಿವಂತಿಕೆಗೆ ಸಾಕ್ಷಿ. ಬಾಯಲ್ಲಿ ಹೇಳುವುದಕ್ಕೆ ಅದು ಬಹಳ ಚೆನ್ನ, ಮೊದಲ ಓದಿಗೆ ಮಾತ್ರ ಅಷ್ಟು ಅನುಕೂಲವಿಲ್ಲ. 49 ಅಕ್ಷರಗಳಲ್ಲಿ ಮೊದಲ ಹದಿನೈದನ್ನು ಕಲಿತರೂ ಮಗು ಒಂದು ಪೂರ್ತಿ ಪದ ಓದಲಾರದು. ಙ, ಞಗಳಂತೂ ಬಂದು ಕೂರುತ್ತವೆಯೇ ಹೊರತು ಮಗುವಿನ ಯಾವ ಪದಕ್ಕೂ ಒದಗುವುದಿಲ್ಲ. ಗೋಡೆಯ ಚಾರ್ಟಿನವರು ಣ, ಳಗಳಿಂದ ಶುರುವಾಗುವ ಪದ ಸಿಗದೆ ‘ಬಾಣ’, ‘ತಾಳ’ ಎಂದು ಹಿಂಬಾಗಿಲಿನಿಂದ ಬರುವುದನ್ನು ನೀವೂ ನೋಡಿರಬಹುದು.

ರ, ಗ, ಸ, ದ, ಅ ಈ ಐದನ್ನು ಮಾತ್ರ ಕಲಿತ ಮಗುವಿನ ಸಂಪತ್ತು ಎಣಿಸಿ ನೋಡಿ: ಅರ, ಸರ, ದರ, ಅರಸ, ಅಗಸ, ಗರಗಸ. ಮುಂದಿನ ಗುಂಪು ಜ, ವ, ಮ, ಬ, ನ. ಆಗ ಮರ, ವನ, ಜನ, ಬಸವ, ನಗರ, ಗಮನ ಎಲ್ಲ ಬಂತು. ಮಗು ಶಾಲೆಗೆ ಹೋದ ಮೊದಲ ವಾರಗಳಲ್ಲೇ ಓದುಗನಾಗುತ್ತದೆ. 1995ರಲ್ಲಿ ಯುನಿಸೆಫ್ ನೆರವಿನಿಂದ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿ, 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಹಬ್ಬಿದ ನಲಿಕಲಿ ತರಗತಿಗಳಲ್ಲೂ ಅಕ್ಷರಗಳು ಬರುವುದು ಹೀಗೆ ಗುಂಪು ಗುಂಪಾಗಿಯೇ. ನಲಿಕಲಿಯ ಬಗ್ಗೆ ಶಿಕ್ಷಕರಲ್ಲೇ ಬೇರೆ ಬೇರೆ ಅಭಿಪ್ರಾಯ ಇವೆ, ಆದರೆ ಈ ಅಕ್ಷರಗಳ ಸರದಿಯ ವಿಷಯದಲ್ಲಿ ನಾನು ಅದರ ಪರ. ಮನೆಯಲ್ಲಿ ಕಲಿಸುವವರೂ ಇದನ್ನೇ ಅನುಸರಿಸಬಹುದು. ವರ್ಣಮಾಲೆಯನ್ನು ಹಾಡಿನಂತೆ ಬಾಯಲ್ಲಿ ಹೇಳಿಸುತ್ತಿರಿ, ಕಣ್ಣಿಗೆ ಮಾತ್ರ ಪದ ಕಟ್ಟುವ ಅಕ್ಷರಗಳನ್ನು ಮೊದಲು ತೋರಿಸಿ.

ಈ ಹಂತದಲ್ಲಿ ಒಂದು ಘಳಿಗೆ ಇದೆ, ಅದನ್ನು ತಪ್ಪಿಸಿಕೊಳ್ಳಬೇಡಿ. ಮಗು ಪದದ ಮೇಲೆ ಬೆರಳಿಟ್ಟು ‘ಗ... ರ... ಗ... ಸ’ ಎನ್ನುತ್ತದೆ. ನಾಲ್ಕೂ ಒಂದೇ ಸಮನೆ ಚಪ್ಪಟೆಯಾಗಿ ಬರುತ್ತವೆ, ಹಾಜರಿ ಕೂಗಿದ ಹಾಗೆ. ಅರ್ಥವೇನೂ ಇಲ್ಲ. ಇನ್ನೊಮ್ಮೆ ‘ಗ.ರ.ಗ.ಸ’, ಸ್ವಲ್ಪ ಬೇಗ. ಮೂರನೆಯ ಸಲಕ್ಕೆ ದನಿಯ ರಾಗವೇ ಬದಲಾಗಿ ‘ಗರಗಸ!’ ಎಂದು ಬಂದುಬಿಡುತ್ತದೆ, ತಲೆ ಎತ್ತಿ ನಿಮ್ಮ ಮುಖ ನೋಡುತ್ತದೆ. ಬಡಗಿಯ ಕೈಯಲ್ಲಿ ಕಂಡ ಗರಗಸ ಈ ನಾಲ್ಕು ಗುರುತುಗಳೊಳಗೆ ಹೇಗೆ ಬಂತು ಎಂಬ ಬೆರಗು ಅದು. ಅವಸರ ಮಾಡಿ, ಎರಡನೆಯ ಸಲಕ್ಕೇ ‘ಗರಗಸ’ ಎಂದು ನೀವು ಹೇಳಿಬಿಟ್ಟರೆ ಮಗುವಿನ ಬೆರಗನ್ನು ಕಿತ್ತುಕೊಂಡ ಹಾಗೆ. ಮನಸ್ಸಿನಲ್ಲೇ ಐದು ಎಣಿಸಿ ಕಾಯಿರಿ. ಆಮೇಲೂ ಬಾರದಿದ್ದರೆ ಹೇಳಿಕೊಡಿ, ಅದನ್ನೊಂದು ಪರೀಕ್ಷೆ ಮಾಡಬೇಡಿ.

ಇಂಗ್ಲಿಷ್ ಮೊದಲು ಕಲಿತ ಮಕ್ಕಳಿಗೆ ಕನ್ನಡದ ಈ ಮೊದಲ ಮೆಟ್ಟಿಲು ಅಚ್ಚರಿಯಾಗುವಷ್ಟು ಸುಲಭ. ಅಲ್ಲಿ ಬಿ, ಎ, ಟಿ ಮೂರೂ ಹೆಸರುಗಳನ್ನು ಮರೆತರೆ ಮಾತ್ರ ‘ಬ್ಯಾಟ್’ ಆಗುತ್ತದೆ. ಇಲ್ಲಿ ‘ಮ’ದ ಹೆಸರೂ ಮ, ದನಿಯೂ ಮ. ಹಿಂದಿ ಓದಲು ಕಲಿತ ಮಗು ಮಾತ್ರ ಒಂದು ತಮಾಷೆಯ ತಪ್ಪು ಮಾಡುತ್ತದೆ, ‘ಕಮಲ’ವನ್ನು ‘ಕಮಲ್’ ಎಂದು, ‘ನಗರ’ವನ್ನು ‘ನಗರ್’ ಎಂದು ಬಾಲ ಕತ್ತರಿಸಿ ಓದುತ್ತದೆ. ಹಿಂದಿಯಲ್ಲಿ ಅದು ಸರಿ. ಕನ್ನಡದಲ್ಲಿ ಕೊನೆಯ ಅಕಾರವನ್ನು ನುಂಗುವ ಹಾಗಿಲ್ಲ ಎಂದು ಒಮ್ಮೆ ಹೇಳಿದರೆ ಸಾಕು, ಸರಿಹೋಗುತ್ತದೆ.

ಕಾಗುಣಿತದ ದೀರ್ಘ ದಾರಿ

ಸುಲಭದ ದಾರಿ ಇಲ್ಲಿಗೆ ಮುಗಿಯಿತು. ‘ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ’ ಎಂದು ಹೊರಟರೆ ಒಂದೊಂದು ವ್ಯಂಜನಕ್ಕೂ ಅನುಸ್ವಾರ, ವಿಸರ್ಗ ಸೇರಿ 15 ರೂಪ. 34 ವ್ಯಂಜನಕ್ಕೆ 510. ಒತ್ತಕ್ಷರ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಇಂಗ್ಲಿಷ್ ಮಾಧ್ಯಮದ ಮಗು ಎಲ್‌ಕೆಜಿಯಲ್ಲೇ 26 ಅಕ್ಷರ ಮುಗಿಸಿ ‘ಎಲ್ಲಾ ಬಂತು’ ಎನ್ನಿಸಿಕೊಳ್ಳುವಾಗ ಕನ್ನಡ ಕಲಿಯುವ ಮಗು ಹಿಂದುಳಿದ ಹಾಗೆ ಕಾಣುವುದು ಇದರಿಂದಲೇ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಸೋನಾಲಿ ನಾಗ್ ಕನ್ನಡ ಶಾಲೆಯ ಮಕ್ಕಳ ಆರಂಭದ ಓದನ್ನು ಅಭ್ಯಾಸ ಮಾಡಿ 2007ರಲ್ಲಿ ಪ್ರಕಟಿಸಿದ ಸಂಶೋಧನೆ ಇಲ್ಲಿ ನೆನೆಯಬೇಕಾದ್ದು. ಕನ್ನಡದ ಅಕ್ಷರಗಳ ಮೇಲೆ ಪೂರ್ತಿ ಹಿಡಿತ ಬರುವುದು ನಿಧಾನ, ಆ ಕಲಿಕೆ ನಾಲ್ಕನೆಯ ತರಗತಿಯ ಹೊತ್ತಿಗೂ ನಡೆದಿರುತ್ತದೆ ಎಂಬುದು ಅದರಿಂದ ತಿಳಿದುಬಂತು. ಇದು ಮಗುವಿನ ಮಂದತನವಲ್ಲ, ಲಿಪಿಯ ವಿಸ್ತಾರ. ಈ ಒಂದು ಸಂಗತಿ ಗೊತ್ತಿದ್ದರೆ ಎರಡನೆಯ ತರಗತಿಯ ಮಗುವಿನ ಮೇಲೆ ಆಗುವ ಎಷ್ಟೋ ರೇಗಾಟ ತಪ್ಪುತ್ತದೆ.

ಕಾಗುಣಿತವನ್ನು ಕ-ಯಿಂದ ಳ-ವರೆಗೆ ಕೋಷ್ಟಕದಂತೆ ಬರೆಸುವುದಕ್ಕಿಂತ ಒಂದು ಗುಣಿತ ಚಿಹ್ನೆಯನ್ನು ಹಿಡಿದು ಹತ್ತು ಅಕ್ಷರಕ್ಕೆ ಹಚ್ಚಿಸುವುದು ಒಳ್ಳೆಯದು. ಈ ವಾರ ಇಳಿ: ಕಾಗದ, ಬಾಲ, ದಾರ, ಮಾವ. ಮುಂದಿನ ವಾರ ಗುಡಿಸು: ಗಿಡ, ಕಿವಿ, ಇಲಿ, ಗಿಳಿ. ಆಗ ಮಗುವೇ ಒಂದು ದಿನ, ನೀವು ಹೇಳಿಕೊಡದ ‘ಜಿ’ಯನ್ನೋ ‘ಡಿ’ಯನ್ನೋ ಓದಿಬಿಡುತ್ತದೆ. ನಿಯಮ ಅದರ ವಶವಾಯಿತು. ನಿಯಮ ವಶವಾದ ಮೇಲೆ ಬರುವ ತಪ್ಪುಗಳು ಹೊಸ ಬಗೆಯವು. ‘ಅಂ’ ಎಂದರೆ ‘ಅಮ್’ ಎಂದು ಕಲಿತ ಮಗು ‘ತಂದೆ’ಯನ್ನು ‘ತಮ್ದೆ’ ಎನ್ನುತ್ತದೆ. ಕಂಬದಲ್ಲಿ ಮಕಾರದಂತೆ, ತಂದೆಯಲ್ಲಿ ನಕಾರದಂತೆ, ಅಂಗಡಿಯಲ್ಲಿ ಮೂಗಿನ ಹಿಂದೆಲ್ಲೋ ಹುಟ್ಟುವ ಆ ಸೊನ್ನೆಯ ಆಟ ದೊಡ್ಡವರಿಗೂ ಗೊತ್ತಿರುವುದಿಲ್ಲ, ಬಾಯಿಗೆ ಮಾತ್ರ ಗೊತ್ತು. ವಿವರಿಸಲು ಹೋಗಬೇಡಿ. ‘ತಮ್ದೆ ಅಂತ ಯಾರನ್ನಾದರೂ ಕರೀತೀವಾ?’ ಎಂದು ಕೇಳಿ. ಮಗು ನಕ್ಕು ಸರಿಮಾಡಿಕೊಳ್ಳುತ್ತದೆ.

ಒತ್ತಕ್ಷರ ಬಂದಾಗ

ನನ್ನ ಮಟ್ಟಿಗೆ ಕನ್ನಡ ಓದಿನ ಅತ್ಯಂತ ಸ್ವಾರಸ್ಯದ ಹಂತ ಇದೇ. ಮಗು ‘ಹಕ್ಕಿ’ಯನ್ನು ‘ಹಕಿಕ’ ಎಂದು ಓದುತ್ತದೆ. ಕಾರಣ ನೋಡಿ. ಕಾಗದದ ಮೇಲೆ ಮೊದಲು ‘ಕಿ’ ಕಾಣುತ್ತದೆ, ಅದರ ಕೆಳಗೆ ಇನ್ನೊಂದು ‘ಕ’. ಗುಡಿಸು ಮೇಲಿನ ಕಕಾರದ ತಲೆಯ ಮೇಲಿದೆ, ಆದರೆ ಆ ಇಕಾರ ಸೇರಬೇಕಾದ್ದು ಕೆಳಗಿನ ಕಕಾರಕ್ಕೆ! ಕಂಡ ಸರದಿಯಲ್ಲಿ ಓದಿದರೆ ‘ಹಕಿಕ’ ಎಂಬುದೇ ನ್ಯಾಯ. ‘ಸೂರ್ಯ’ವನ್ನು ‘ಸೂಯರ್’ ಎನ್ನುವ ಮಗುವಿನದೂ ಅದೇ ವಾದ. ಅರ್ಕಾವತ್ತು ಯಕಾರದ ಆಚೆಗೆ ಕೂತಿದೆ, ಹೇಳುವಾಗ ಮಾತ್ರ ಈಚೆಗೆ ಬರಬೇಕು. ಇಷ್ಟು ದಿನ ಎಡದಿಂದ ಬಲಕ್ಕೆ ಓದು ಎಂದು ಹೇಳಿಕೊಟ್ಟವರು ನಾವೇ. ಈಗ ಕೆಲವು ಕಡೆ ಹಿಂದೆ ಮುಂದೆ ಮಾಡಿ ಓದು ಎನ್ನುತ್ತಿದ್ದೇವೆ. ‘ಸೂಯರ್’ ಎಂದ ಮಗುವಿಗೆ ಲಿಪಿಯ ನಿಯಮ ಚೆನ್ನಾಗಿ ಗೊತ್ತಿದೆ, ಅಪವಾದ ಗೊತ್ತಿಲ್ಲ ಅಷ್ಟೇ.

ಕಲಿಸುವ ದಾರಿ ಮನೆಯಲ್ಲೇ ಇದೆ. ನಮ್ಮ ಬಂಧುಗಳ ಹೆಸರುಗಳನ್ನೇ ನೋಡಿ: ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅಜ್ಜಿ, ಅತ್ತೆ, ಚಿಕ್ಕಪ್ಪ, ದೊಡ್ಡಮ್ಮ. ಒಂದರಲ್ಲೂ ಒತ್ತು ತಪ್ಪಿಲ್ಲ. ಪಠ್ಯಪುಸ್ತಕ ಒತ್ತಕ್ಷರವನ್ನು ಎಷ್ಟೋ ಮುಂದಕ್ಕೆ ಹಾಕಿದರೂ ಮಗುವಿನ ಬಾಯಿಗೆ ಬಂದ ಮೊದಲ ಮಾತಿನಲ್ಲೇ ಅದು ಇದೆ. ಮನೆಮಂದಿಯ ಫೋಟೊಗಳ ಕೆಳಗೆ ಈ ಹೆಸರುಗಳನ್ನು ದಪ್ಪಕ್ಷರದಲ್ಲಿ ಬರೆದು ಅಂಟಿಸಿ. ಸಜಾತೀಯ ಒತ್ತು ಹೀಗೆ ಬಂದುಬಿಟ್ಟರೆ ‘ಬಸ್ತಿ’, ‘ಪುಸ್ತಕ’, ‘ಚಂದ್ರ’ಗಳಂಥ ವಿಜಾತೀಯ ಒತ್ತು ಆಮೇಲೆ ಬರುತ್ತದೆ. ಬಹುಪಾಲು ಒತ್ತುಗಳು ತಮ್ಮ ಮೂಲ ಅಕ್ಷರವನ್ನೇ ಹೋಲುತ್ತವೆ, ತಲಕಟ್ಟು ಇಲ್ಲ ಅಷ್ಟೇ. ಮೂಲವನ್ನು ಹೋಲದೇ ಸತಾಯಿಸುವವು ತ, ನ, ಮ, ಯ, ರ, ಲ ಈ ಆರರ ಒತ್ತುಗಳು. ಇವನ್ನು ಒಂದು ರಟ್ಟಿನ ಮೇಲೆ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಲಿ. ಆರೇ ಆರು ಎಂದು ತಿಳಿದರೆ ಮಗುವಿಗೂ ಧೈರ್ಯ.

ಪೇಟೆಗೆ ಹೋದಾಗ ಅಂಗಡಿಯ ಬೋರ್ಡುಗಳನ್ನು ಓದಿಸುವ ಹಳೆಯ ಅಭ್ಯಾಸಕ್ಕೆ ಈ ಹಂತದಲ್ಲಿ ನಿಜವಾದ ಬೆಲೆ ಬರುತ್ತದೆ. 2024ರ ತಿದ್ದುಪಡಿಯ ನಂತರ ನಾಮಫಲಕಗಳಲ್ಲಿ ಶೇ 60 ಕನ್ನಡ ಇರಬೇಕೆಂಬ ನಿಯಮ ಬಂದು ಬೆಂಗಳೂರಿನಲ್ಲೂ ಓದುವುದಕ್ಕೆ ಬೇಕಾದಷ್ಟು ಸಿಗುತ್ತಿದೆ. ಆದರೆ ಬೋರ್ಡಿನ ಕನ್ನಡ ಮಕ್ಕಳಿಗೆ ಕಬ್ಬಿಣದ ಕಡಲೆ: ‘ಎಲೆಕ್ಟ್ರಿಕಲ್ಸ್’, ‘ಪ್ರಾವಿಷನ್ ಸ್ಟೋರ್ಸ್’, ‘ಫ್ಯಾನ್ಸಿ ಡ್ರೆಸ್ಸಸ್’. ಒತ್ತಿನ ಮೇಲೊತ್ತು. ಬಸ್ಸಿನ ಬೋರ್ಡು ವಾಸಿ. ಹಾಸನ, ಗದಗ, ಕಡೂರು, ಹಾವೇರಿ ಎಲ್ಲ ಮೃದು ಪದಗಳು, ‘ಚಿಕ್ಕಬಳ್ಳಾಪುರ’ ಬಂದಾಗ ಬಹುಮಾನ ಕೊಟ್ಟರಾಯಿತು.

ತಪ್ಪಲ್ಲದ ತಪ್ಪು

ಪುಸ್ತಕದಲ್ಲಿ ‘ಅವನು ಶಾಲೆಗೆ ಹೋಗುತ್ತಾನೆ’ ಎಂದಿದೆ. ಧಾರವಾಡದ ಕಡೆಯ ಮಗು ‘ಅಂವ ಸಾಲಿಗೆ ಹೋಗ್ತಾನ’ ಎಂದು ಸರಾಗವಾಗಿ ಓದುತ್ತದೆ. ಇದು ತಪ್ಪೇ? ಅಕ್ಷರ ನೋಡಿ, ಅರ್ಥ ಹಿಡಿದು, ತನ್ನ ಮನೆಯ ಮಾತಿಗೆ ತಿರುಗಿಸಿ ಹೇಳಿದೆ. ಒಂದೊಂದೇ ಅಕ್ಷರ ಕುಟ್ಟಿ ‘ಹೋ-ಗು-ತ್ತಾ-ನೆ’ ಎಂದ ಮಗುವಿಗಿಂತ ಇದು ಓದಿನಲ್ಲಿ ಮುಂದಿದೆ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ‘ಹಾಲು’ ‘ಆಲು’ ಆಗುವುದೂ ಹಾಗೆಯೇ. ಅದನ್ನು ಗೇಲಿ ಮಾಡಿದರೆ ಮಗು ಕಲಿಯುವುದು ಹಕಾರವನ್ನಲ್ಲ, ಬಾಯಿ ಮುಚ್ಚಿಕೊಂಡಿರುವುದನ್ನು. ಮನೆಯಲ್ಲಿ ತುಳು, ಕೊಂಕಣಿ, ಕೊಡವ, ಉರ್ದು, ಲಂಬಾಣಿ ಆಡುವ ಮಕ್ಕಳಿಗೆ ಕನ್ನಡದ ಪದವೇ ಹೊಸದಿರಬಹುದು. ಅಂಥ ಮಗು ಸರಿಯಾಗಿ ಉಚ್ಚರಿಸಿಯೂ ಅರ್ಥವಾಗದೆ ಕೂತಿರುತ್ತದೆ. ಅದಕ್ಕೆ ಮೊದಲು ಮನೆಮಾತಿನಲ್ಲಿ ಕಥೆ ಹೇಳಿ, ಆಮೇಲೆ ಕನ್ನಡದಲ್ಲಿ ಅದೇ ಕಥೆ ಓದಿಸಿ.

ಗಾಫ್ ಮತ್ತು ಟನ್ಮರ್ ಎಂಬ ಇಬ್ಬರು ಸಂಶೋಧಕರು 1986ರಲ್ಲಿ ಒಂದು ಸರಳ ಸೂತ್ರ ಹೇಳಿದರು: ಅಕ್ಷರ ಬಿಡಿಸುವ ಶಕ್ತಿಯನ್ನು ಮಾತು ಅರ್ಥಮಾಡಿಕೊಳ್ಳುವ ಶಕ್ತಿಯಿಂದ ಗುಣಿಸಿದರೆ ಬರುವುದೇ ಓದು. ಕೂಡಿಸಿದರೆ ಅಲ್ಲ, ಗುಣಿಸಿದರೆ. ಎರಡರಲ್ಲಿ ಒಂದು ಸೊನ್ನೆಯಾದರೂ ಉತ್ತರ ಸೊನ್ನೆ. ಚಿತ್ರದಲ್ಲಿ ಹೂವಿದೆ, ಕೆಳಗೆ ‘ಕಮಲ’ ಎಂದಿದೆ, ಮಗು ‘ತಾವರೆ’ ಎಂದಿತು. ಅರ್ಥದ ಕಡೆ ಹತ್ತಕ್ಕೆ ಹತ್ತು, ಅಕ್ಷರದ ಕಡೆ ಸೊನ್ನೆ. ‘ಹೌದು, ಅದು ತಾವರೆಯೇ. ಆದರೆ ಇಲ್ಲಿ ಮೊದಲ ಅಕ್ಷರ ಯಾವುದು?’ ಎಂದು ಕೇಳಿದರೆ ಸಾಕು. ಅರಳು ಹುರಿದಂತೆ ಓದಿ, ಕಥೆ ಏನೆಂದು ಕೇಳಿದರೆ ಪಿಳಿಪಿಳಿ ನೋಡುವ ಮಗುವಿಗೆ ಬೇಕಾದ್ದು ಇದರ ಉಲ್ಟಾ. ಅದಕ್ಕೆ ಇನ್ನಷ್ಟು ಓದಿಸಬೇಡಿ, ಇನ್ನಷ್ಟು ಮಾತಾಡಿ.

ಕೂರುವ ರೀತಿ, ಓದಿಸುವ ಪುಸ್ತಕ

ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಎದುರಿಗೆ ಕೂರಬೇಡಿ, ಪಕ್ಕಕ್ಕೆ ಕೂರಿ. ಎದುರಿಗೆ ಕೂತವರು ಪರೀಕ್ಷಕರಾಗುತ್ತಾರೆ. ಪದದ ಕೆಳಗೆ ಬೆರಳು ಓಡಿಸುವುದು ಮಗುವಿನ ಕೆಲಸ, ನಿಮ್ಮದಲ್ಲ. ಒಂದು ಪುಟದಲ್ಲಿ ಐದು ತಪ್ಪಾದರೆ ಒಂದನ್ನೇ ತಿದ್ದಿ, ಅರ್ಥ ಕೆಡಿಸುವ ತಪ್ಪನ್ನು ಆರಿಸಿಕೊಳ್ಳಿ. ಅದೇ ಪುಸ್ತಕ ಮತ್ತೆ ಬೇಕೆಂದರೆ ಬೇಸರಿಸದೆ ಕೊಡಿ, ಪುನರಾವರ್ತನೆಯಿಂದಲೇ ಓದಿಗೆ ಓಟ ಬರುವುದು. ತಮ್ಮನಿಗೋ ಅಜ್ಜಿಗೋ ಓದಿ ಹೇಳುವ ಅವಕಾಶ ಸಿಕ್ಕರೆ ಮಕ್ಕಳು ನಮ್ಮೆದುರು ಓದುವುದಕ್ಕಿಂತ ಚೆನ್ನಾಗಿ ಓದುತ್ತಾರೆ. ಕನ್ನಡ ದಿನಪತ್ರಿಕೆ ಬರುವ ಮನೆಯಾದರೆ ಒಂದು ಕೆಂಪು ಪೆನ್ಸಿಲ್ ಕೊಟ್ಟು ‘ಇವತ್ತು ತಲೆಬರಹಗಳಲ್ಲಿ ರ ಎಷ್ಟಿದೆ ಹುಡುಕು’ ಎನ್ನಿ. ಹಾಡು ಇಷ್ಟಪಡುವ ಮಕ್ಕಳಿಗೆ, ಕನ್ನಡ ಸಾಹಿತ್ಯ ಪರದೆಯ ಮೇಲೆ ಬರುವ ಚಿತ್ರಗೀತೆಗಳನ್ನು ಹಾಕಿಕೊಡಿ. ಪರದೆಯ ಮೇಲೆ ಹಾಡಿನದೇ ಭಾಷೆಯಲ್ಲಿ ಅಕ್ಷರ ಮೂಡಿಸಿದರೆ ಓದು ಸುಧಾರಿಸುತ್ತದೆ ಎಂದು ಬ್ರಿಜ್ ಕೊಠಾರಿ ದಶಕಗಳಿಂದ ಪ್ರಯೋಗ ಮಾಡುತ್ತ ಬಂದಿದ್ದಾರೆ.

ಬರೆಸುವ ವಿಷಯದಲ್ಲಿ ನನ್ನದು ಸ್ವಲ್ಪ ಕಟು ಅಭಿಪ್ರಾಯ. ನಾಲ್ಕು ವರ್ಷದ ಕೈಗೆ ಪೆನ್ಸಿಲ್ ಕೊಟ್ಟು, ಪುಟದ ತುಂಬ ‘ಅ’ ತಿದ್ದಿಸುವುದು ಓದಿಗೆ ಹೆಚ್ಚು ಸಹಾಯ ಮಾಡುವುದಿಲ್ಲ. ಆ ವಯಸ್ಸಿಗೆ ಬೆರಳಿನ ಸ್ನಾಯು ಇನ್ನೂ ಗಟ್ಟಿಯಾಗಿರುವುದಿಲ್ಲ, ನಮ್ಮ ಲಿಪಿಯೋ ಪೂರಾ ದುಂಡು. ಮರಳು, ಅಕ್ಕಿ, ರಂಗೋಲಿ ಪುಡಿ, ಸ್ಲೇಟು ಬಳಪ ಇವುಗಳಲ್ಲಿ ದೊಡ್ಡದಾಗಿ ಬರೆಯಲಿ. ಕೂಲಿಮಠದ ಅಯ್ಯನವರು ಮರಳಿನ ಮೇಲೆ ಬರೆಸುತ್ತಿದ್ದುದರಲ್ಲಿ ಅರ್ಥವಿತ್ತು. ನಾಲ್ಕು ಗೆರೆಯ ಕಾಪಿ ಪುಸ್ತಕ ಓದು ಕುದುರಿದ ಮೇಲೆ ಬಂದರೆ ಸಾಕು.

ಪುಸ್ತಕಕ್ಕೆ ದುಡ್ಡಿಲ್ಲ ಎಂಬ ಮಾತು ಈಗ ನಡೆಯುವುದಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಸಚಿತ್ರ ಕಥೆಗಳು ಬಿಟ್ಟಿಯಾಗಿ ಸಿಗುತ್ತವೆ, ಇಳಿಸಿಕೊಂಡು ಮುದ್ರಿಸಲೂಬಹುದು. ಕಥೆಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದ್ದಾರೆ. ಮೊದಲ ಹಂತದವು ಪುಟಕ್ಕೊಂದೆರಡು ಸಾಲಿನವು. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರು ಬಾಲ ಪುಸ್ತಕಾಲಯ ಮಾಲೆ, ನವಕರ್ನಾಟಕದ ಮಕ್ಕಳ ಪುಸ್ತಕಗಳು, ತೂಲಿಕಾದ ಕನ್ನಡ ಚಿತ್ರಪುಸ್ತಕಗಳು ಕೈಗೆಟಕುವ ಬೆಲೆಯವು. ಆರಿಸುವಾಗ ಅಕ್ಷರ ದಪ್ಪಗಿದೆಯೇ, ಸಾಲಿನ ನಡುವೆ ಒತ್ತಕ್ಷರ ಉಸಿರಾಡುವಷ್ಟು ಜಾಗವಿದೆಯೇ ನೋಡಿ. ಒತ್ತು ಕೆಳಗಿನ ಸಾಲಿಗೆ ತಗುಲುವಂತೆ ಅಚ್ಚಾದ ಪುಸ್ತಕ ಎಷ್ಟು ಚೆನ್ನಾಗಿದ್ದರೂ ಈ ವಯಸ್ಸಿಗೆ ಬೇಡ. ಹೊರನಾಡಿನ, ಹೊರದೇಶದ ಕನ್ನಡ ಕೂಟಗಳು ನಡೆಸುವ ವಾರಾಂತ್ಯದ ತರಗತಿಗೆ ಮಗುವನ್ನು ಕಳಿಸುವವರಿಗೂ ಇದೇ ಮಾತು. ವಾರಕ್ಕೆ ಒಂದು ಗಂಟೆಯ ತರಗತಿಯಿಂದ ಅಕ್ಷರ ಬರುತ್ತದೆ, ಓದು ಬರಬೇಕಾದರೆ ಮಲಗುವ ಮುಂಚೆ ಒಂದು ಕನ್ನಡ ಪುಸ್ತಕ ಬೇಕು.

ಕಳವಳ ಯಾವಾಗ?

ಮೊದಲ ವರ್ಷದಲ್ಲಿ ಅಕ್ಷರ ತಿರುವುಮುರುವು ಬರೆಯುವುದು, ಬ-ಭ, ದ-ಧ, ಪ-ಷ ಬೆರೆಸುವುದು ಎಲ್ಲ ಮಕ್ಕಳೂ ಮಾಡುವಂಥದ್ದು. ಎರಡನೆಯ ತರಗತಿ ಮುಗಿಯುತ್ತ ಬಂದರೂ ಒತ್ತಿಲ್ಲದ ಸರಳ ಪದಗಳು ಬಾರದಿದ್ದರೆ, ಮಾತನ್ನು ಅಕ್ಷರಗಳಾಗಿ ತುಂಡು ಮಾಡುವ ಚಪ್ಪಾಳೆ ಆಟವೂ ಒಗ್ಗದಿದ್ದರೆ, ನಿನ್ನೆ ಓದಿದ ಪದ ಇಂದು ಪೂರ್ತಿ ಹೊಸದಾಗಿ ಕಂಡರೆ ತಡಮಾಡಬೇಡಿ. ಮೊದಲು ಕಣ್ಣು, ಕಿವಿ ಪರೀಕ್ಷೆ. ಎಷ್ಟೋ ಸಲ ತೊಂದರೆ ಅಲ್ಲೇ ಇರುತ್ತದೆ. ಆಮೇಲೆ ಕಲಿಕಾ ನ್ಯೂನತೆಯ ತಪಾಸಣೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ತಜ್ಞರಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಡಿಸ್‌ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಒಳಗೊಂಡಿದೆ. ‘ಸೋಮಾರಿ’ ಎಂಬ ಪಟ್ಟ ಕಟ್ಟುವ ಮುಂಚೆ ಇವರಲ್ಲಿಗೆ ಹೋಗಿ.

ಇನ್ನು ಓದಲು ಬಂದುಬಿಟ್ಟ ಮಕ್ಕಳ ಮಾತು. ತುಟಿ ಅಲ್ಲಾಡಿಸುತ್ತ ಪಿಸುಗುಟ್ಟಿ ಓದುತ್ತಿದ್ದ ಮಗು ಒಂದು ದಿನ ತುಟಿ ಮುಚ್ಚಿಕೊಂಡು ಕಣ್ಣಲ್ಲೇ ಓದತೊಡಗುತ್ತದೆ. ‘ಸದ್ಯ, ಇನ್ನು ಅವನೇ ಓದಿಕೊಳ್ಳುತ್ತಾನೆ’ ಎಂದು ಅಪ್ಪ ಅಮ್ಮ ಕಥೆ ಓದುವ ಕೆಲಸದಿಂದ ನಿವೃತ್ತರಾಗುವುದು ಆಗಲೇ. ಅದು ಬೇಡ. ಎರಡನೆಯ ತರಗತಿಯ ಮಗು ತಾನೇ ಓದಬಲ್ಲದ್ದಕ್ಕಿಂತ ಎಷ್ಟೋ ಕಷ್ಟದ ಕಥೆಯನ್ನು ಕೇಳಿ ಅರ್ಥಮಾಡಿಕೊಳ್ಳಬಲ್ಲದು. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಅದು ಸ್ವತಃ ಓದಲು ಇನ್ನೂ ಕಾಲವಿದೆ, ಕೇಳಲು ಇವತ್ತೇ ಸಿದ್ಧ. ಹೊಸ ಮಾತು, ಉದ್ದನೆಯ ವಾಕ್ಯ, ಹಳೆಯ ಪದ ಇವೆಲ್ಲ ಕಿವಿಯ ಮೂಲಕ ಬಂದರೇನೇ ಮುಂದೆ ಕಣ್ಣಿಗೆ ಸಿಕ್ಕಾಗ ಗುರುತು ಹತ್ತುವುದು. ಮೂರು ನಾಲ್ಕನೆಯ ತರಗತಿಯವರೆಗಾದರೂ ಓದಿ ಹೇಳುವುದನ್ನು ಮುಂದುವರಿಸಿ.

ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂದು ಹೆಸರು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನಲ್ಲಿ ಮಕ್ಕಳ ಗ್ರಂಥಾಲಯವೇ ಇದೆ. ನಿಮ್ಮ ಮಗುವಿನ ಹೆಸರು ಇನ್ನೂ ಎಲ್ಲೂ ನೋಂದಣಿಯಾಗಿಲ್ಲದಿದ್ದರೆ ಈ ವಾರವೇ ಕರೆದುಕೊಂಡು ಹೋಗಿ ಬರೆಸಿ. ಪುಸ್ತಕವನ್ನು ಮಗುವೇ ಆರಿಸಲಿ.